ಹಿಂಜದ ಹತ್ತಿ

ಈ ಕತೆ ಶುರು ಮಾಡುವ ಮೊದಲೇ ತಪ್ಪೊಪ್ಪಿಕೊಳ್ಳಬೇಕು. ಸತ್ತವನೊಬ್ಬನ ಹಾಸಿಗೆಯೊಳಗೆ ಕೈಹಾಕಿ ಹೇಳಬೇಕಾದ ಕತೆ ಇದು. ಬದುಕಿರುವ ಇಬ್ಬರು ಅಕ್ಕತಂಗಿಯರ ನಡುವಿನ ಮಾತನ್ನೂ ಬೀದಿಗೆ ತರುತ್ತದೆ. ಇಂಥದ್ದನ್ನು ನನಗಿಂತ ತಿಳಿದವರು, ಮಾತನ್ನು ತೂಗಿ ಆಡಬಲ್ಲವರು ಹೇಳಿದ್ದರೆ ಚೆನ್ನಾಗಿತ್ತು. ಯಾರೂ ಹೇಳಲಿಲ್ಲ. ಹೇಳದೆ ಬಿಟ್ಟರೆ ಆ ಲಿಫ್ಟ್ ರಿಪೇರಿಯವನು ಎದೆನೋವಿನಿಂದ ಸತ್ತ ಎಂಬ ಸುಳ್ಳು ಕೆಲವರ ಬಾಯಲ್ಲಿ ಹಾಗೇ ಉಳಿದುಬಿಡುತ್ತದೆ. ಆದ್ದರಿಂದ ಧೈರ್ಯ ಮಾಡಿದ್ದೇನೆ. ಎಲ್ಲಾದರೂ ಎಡವಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹಾಸಿಗೆ ಅಂಗಡಿಯಲ್ಲಿ ಇದ್ದವರು ಇಬ್ಬರು. ದೊಡ್ಡವಳನ್ನು ಬೀದಿಗೆ ಬೀದಿಯೇ ಅಕ್ಕ ಎನ್ನುತ್ತಿತ್ತು, ಚಿಕ್ಕವಳನ್ನು ತಂಗಿ ಎನ್ನುತ್ತಿತ್ತು. ಹಲ್ಲು ಬಿದ್ದ ಮುದುಕರೂ ಬಂದು, "ಅಕ್ಕ, ನನ್ನ ದಿಂಬು ಆಯ್ತಾ?" ಎಂದು ಕೇಳುವರು. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯ ಮುಂಭಾಗದಲ್ಲಿ ಅಕ್ಕನ ಹೊಲಿಗೆ ಯಂತ್ರ, ಗವಸಿನ ಬಟ್ಟೆಯ ಸುರುಳಿಗಳು, ಗೋಡೆಗೆ ತೂಗುಹಾಕಿದ ಮೆತ್ತೆಗೆ ಚುಚ್ಚಿಟ್ಟ ದಬ್ಬಣಗಳು. ಹಿಂಭಾಗದಲ್ಲಿ ಹತ್ತಿ ಹಿಂಜುವ ಕೋಣೆ. ಸೂರಿಗೆ ಕಟ್ಟಿದ ಹಗ್ಗದಲ್ಲಿ ಆಳುದ್ದದ ಬಿಲ್ಲು ತೂಗುತ್ತಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ತಂಗಿ ಅದರ ತಂತಿಯನ್ನು ಮೀಟಿದರೆ, ಹಳೆಯ ಹಾಸಿಗೆಯ ಗಂಟುಗಂಟಾದ ಹತ್ತಿ ಬಿಡಿಬಿಡಿಯಾಗಿ ಹಾರಿ ನೊರೆಯ ಹಾಗೆ ಬೀಳುತ್ತಿತ್ತು.

ತಂಗಿಯ ಕೈಗೆ ಕಿವಿಯಿತ್ತು. ಇದು ಆಡುಮಾತಲ್ಲ. ತಲೆಯಿಟ್ಟು ಮಲಗುವ ಕಡೆ ಹತ್ತಿ ಗಂಟುಕಟ್ಟುತ್ತದಲ್ಲ, ಆ ಗಂಟುಗಳಲ್ಲಿ ಮಲಗಿದವರ ಕನಸು ಉಳಿದಿರುತ್ತದೆ. ಕೈಗೆ ಕಿವಿಯಿರುವವರು ಗಂಟನ್ನು ಹಿಡಿದರೆ ಅದು ಕೇಳಿಸುತ್ತದೆ. ಹಿಂಜಿದರೆ ಗಂಟು ಬಿಡುತ್ತದೆ, ಕನಸೂ ಹೋಗುತ್ತದೆ, ಹತ್ತಿ ಮೂಕವಾಗುತ್ತದೆ. ಜನ ಹಾಸಿಗೆ ಹಿಂಜಿಸುತ್ತಿದ್ದುದು ಬೆನ್ನುನೋವಿಗೆ ಎಷ್ಟೋ ಅಷ್ಟೇ ಈ ಕಾರಣಕ್ಕೂ. ಸತ್ತುಹೋದ ತಾಯಿ ಬಿಲ್ಲನ್ನು ತಂಗಿಯ ಕೈಗೆ ಕೊಡುವಾಗ ಒಂದೇ ಮಾತು ಹೇಳಿದ್ದಳು: ಕೈಯಲ್ಲಿ ಕೇಳಿದ್ದು ಕೈಯಲ್ಲೇ ಸಾಯಬೇಕು. ತಂಗಿ ಆ ಮಾತನ್ನು ಎಂದೂ ಮೀರಿರಲಿಲ್ಲ. ಯಾರ ಕನಸಿನಲ್ಲಿ ಯಾರ ಹೆಂಡತಿ ಬರುತ್ತಾಳೆಂದು ಗೊತ್ತಿದ್ದೂ, ಬೀದಿಯಲ್ಲಿ ಎಲ್ಲರಿಗೂ ಒಂದೇ ನಗೆ ನಗುತ್ತಿದ್ದಳು. ಅಕ್ಕನ ಕೈ ಕಿವುಡು ಎಂದು ಎಲ್ಲರೂ ತಿಳಿದಿದ್ದರು. ಅಕ್ಕನೂ ಹಾಗೇ ಹೇಳುತ್ತಿದ್ದಳು.

ಆ ಊರಿನಲ್ಲಿ ಪ್ರತಿಯೊಬ್ಬರಿಗೂ ಒಂದು ಅರ್ಧ ಕನಸು ಬೀಳುತ್ತದೆ. ಹದಿನಾರರ ಆಸುಪಾಸಿನಲ್ಲಿ ಶುರುವಾಗಿ, ಮತ್ತೆ ಮತ್ತೆ ಬಂದು, ಪ್ರತಿಸಲವೂ ಒಂದೇ ಜಾಗದಲ್ಲಿ ತುಂಡಾಗುತ್ತದೆ. ಉಳಿದರ್ಧ ಎಲ್ಲೋ ಇರುವ ಇನ್ನೊಬ್ಬರಿಗೆ ಬೀಳುತ್ತದೆ. ಆ ಇನ್ನೊಬ್ಬರೇ ಜೋಡಿ. ಜೋಡಿ ಸಿಕ್ಕಿ ಮದುವೆಯಾದ ಮೇಲೆ ಕನಸು ನಿಲ್ಲುತ್ತದೆ. ಎಲ್ಲರಿಗೂ ಸಿಗುತ್ತದೆಂದಲ್ಲ. ಸಿಗದವರು ಸುಮ್ಮನೆ ಒಪ್ಪಿದವರನ್ನು ಕಟ್ಟಿಕೊಂಡು ಸುಖವಾಗಿಯೇ ಇರುತ್ತಾರೆ. ಆದರೆ ಸಿಕ್ಕಿದೆ ಎಂದು ಜೋಡಿ ಕಚೇರಿಯಲ್ಲಿ ಸುಳ್ಳು ಬರೆಸಿದರೆ ಮದುವೆಯೂ ರದ್ದು, ಜೈಲೂ ಆಗುತ್ತದೆ.

ತಂಗಿಯ ಅರ್ಧ ಹೀಗಿತ್ತು: ಒಂದು ಮೆಟ್ಟಿಲಸಾಲಿನ ಬುಡದಲ್ಲಿ ಅವಳು ನಿಂತಿದ್ದಾಳೆ. ಎರಡು ತೋಳಿನ ತುಂಬ ಹತ್ತಿಯ ಹೊರೆ. ಹೊರೆ ಕಣ್ಣಿಗೆ ಅಡ್ಡವಾಗಿ ಮುಂದಿನದು ಕಾಣಿಸುವುದಿಲ್ಲ. ಮೇಲೆ ಯಾರೋ ಇರುವುದು ಗೊತ್ತಾಗುತ್ತದೆ. "ಏನು ಮಾಡಲಿ?" ಎಂದು ಕೇಳುತ್ತಾಳೆ. ಉತ್ತರ ಬರುವಷ್ಟರಲ್ಲಿ ಎಚ್ಚರವಾಗುತ್ತದೆ.

ನಾಲ್ಕು ವರ್ಷದ ಹಿಂದೆ ಉತ್ತರ ಬಂತು. ಬಂದದ್ದು ಪಕ್ಕದ ಬೀದಿಯ ಲಾಡ್ಜಿನ ಮೇನೇಜರನ ದಿಂಬಿನಲ್ಲಿ. ನಯವಾದ ಮನುಷ್ಯ, ಸೊಂಟದಲ್ಲಿ ಬೀಗದಕೈ ಗೊಂಚಲು, ಬಾಯಲ್ಲಿ ಯಾವಾಗಲೂ "ಐದೇ ನಿಮಿಷ" ಎಂಬ ಮಾತು. ಬಿಸಿನೀರು ಕೇಳಿದರೂ ಐದೇ ನಿಮಿಷ, ಹೊಸ ಕಿಟಕಿ ಕೇಳಿದರೂ ಐದೇ ನಿಮಿಷ. ಅವನ ದಿಂಬು ಬಿಚ್ಚಿ ಒಂದು ಗಂಟನ್ನು ಹಿಡಿದದ್ದೇ ತಂಗಿ ಕಣ್ಣು ಮುಚ್ಚಿಕೊಂಡಳು. ಮೆಟ್ಟಿಲ ತುದಿಯ ಗಾಳಿ, ಕೆಳಗೆ ಯಾರೋ ಹೊರೆ ಹೊತ್ತು ನಿಂತ ನೆರಳು, ಆಮೇಲೆ ಒಂದೇ ಮಾತು: "ಹತ್ತಿ."

"ಏನು ಮಾಡಲಿ ಅಂತ ಕೇಳಿದ್ದಕ್ಕೆ ಹತ್ತಿ ಅಂದ್ರಂತೆ," ಎಂದು ಅಕ್ಕ ಆ ದಿನ ಬಿದ್ದು ಬಿದ್ದು ನಕ್ಕಿದ್ದಳು. "ಕನಸಲ್ಲೂ ನಿನಗೆ ರಜಾ ಇಲ್ಲ ಕಣೇ. ಇದೇ ಅಂಗಡಿ, ಇದೇ ಬಿಲ್ಲು, ಹಿಂಜ್ತಾ ಇರು ಅಂತ ಹಣೇಲಿ ಬರೆದಿದೆ."

ತಂಗಿಯೂ ನಕ್ಕಿದ್ದಳು. ಹುಟ್ಟಿನಿಂದ ಹತ್ತಿಯ ನಡುವೆ ಬೆಳೆದವರಿಗೆ ಆ ಮಾತು ಬೇರೆ ಹೇಗೆ ಕೇಳಿಸಬೇಕು? ಜೋಡಿ ಕಚೇರಿಯಲ್ಲಿ ಅವಳೇ ಸಾಕ್ಷಿ, ಅವಳದೇ ರುಜು. ಜೋಡಿ ಹೌದೋ ಅಲ್ಲವೋ ಎಂದು ತಾವಾಗಿ ದಿಂಬು ತಂದವರಿಗೆಲ್ಲ ಆ ಬೀದಿಯಲ್ಲಿ ಕೇಳಿ ಹೇಳುವವಳು ಅವಳೇ ಆಗಿದ್ದರಿಂದ ಯಾರೂ ಎರಡನೆಯ ಮಾತು ಆಡಲಿಲ್ಲ. ಮೇನೇಜರ್ ಲಾಡ್ಜಿನ ಕೋಣೆ ಬಿಟ್ಟು ಅಂಗಡಿಯ ಮೇಲಿನ ಮನೆಗೆ ಬಂದ. ಅಕ್ಕ ತನ್ನ ಮಂಚವನ್ನು ಚಿಕ್ಕ ಕೋಣೆಗೆ ಎಳೆದುಕೊಂಡಳು.

ಆದರೆ ಕನಸು ನಿಲ್ಲಲಿಲ್ಲ. ಮದುವೆಯಾದ ವಾರಕ್ಕೇ ಮತ್ತೆ ಬಂತು. ಅದೇ ಮೆಟ್ಟಿಲು, ಅದೇ ಹೊರೆ, ಅದೇ ಪ್ರಶ್ನೆ. ತಂಗಿ ತಪ್ಪೆಲ್ಲ ತನ್ನದೇ ಎಂದುಕೊಂಡಳು. ತಾನು ಗಂಡನನ್ನು ಮನಸಾರೆ ಒಪ್ಪಿಲ್ಲವೇನೋ, ತನ್ನಲ್ಲೇ ಏನೋ ಕೊರತೆ ಇದೆಯೇನೋ ಎಂದು ಒಳಗೊಳಗೇ ಕೊರಗಿದಳು. ಅವನ ತಟ್ಟೆಗೆ ಎರಡು ತುತ್ತು ಹೆಚ್ಚು ಬಡಿಸಿದಳು. ಅಕ್ಕನಿಗೆ ಮಾತ್ರ ಹೇಳಿದಳು. "ಕೆಲವರಿಗೆ ನಿಧಾನ. ಗಂಡನ ಹತ್ರ ಬಾಯಿ ಬಿಡಬೇಡ, ಪಾಪ, ನೊಂದ್ಕೋತಾರೆ," ಎಂದು ಅಕ್ಕ ತಲೆ ನೇವರಿಸಿದ್ದಳು. ನಾಲ್ಕು ವರ್ಷ ಆ ನೇವರಿಕೆಯ ಮೇಲೆ ಕಳೆಯಿತು.

ಒಂದು ಬೆಳಿಗ್ಗೆ ಲಾಡ್ಜಿನ ಕಸ ಗುಡಿಸುವ ಅಜ್ಜಿ ತಳ್ಳುಗಾಡಿಯಲ್ಲಿ ಒಂದು ಹಾಸಿಗೆ ಹಾಕಿಕೊಂಡು ಬಂದಳು. ಅಕ್ಕ ನೂಲು ತರಲು ಪೇಟೆಗೆ ಹೋಗಿದ್ದಳು.

"ಹಿಡ್ಕೋ ತಂಗ್ಯಮ್ಮ. ಮೂರು ಮಹಡಿ ಇಳಿಸೋ ಹೊತ್ತಿಗೆ ನನ್ನ ಸೊಂಟ ಮೂರು ತುಂಡಾಯ್ತು. ಊರಿನ ಲಿಫ್ಟೆಲ್ಲ ರಿಪೇರಿ ಮಾಡೋನನ್ನ ಇಟ್ಕೊಂಡಿದ್ವಿ, ನಮ್ಮ ಲಾಡ್ಜಿಗೆ ಒಂದು ಲಿಫ್ಟಿಗೆ ಗತಿಯಿಲ್ಲ."

"ಯಾರದಜ್ಜಿ ಇದು?"

"ಅವನದೇ. ಲಿಫ್ಟಿನವನದು. ಊರೂರು ತಿರುಗುವಾಗ್ಲೂ ಜೊತೇಲೇ ಹೊತ್ಕೊಂಡು ಹೋಗೋನು, ಮತ್ತೆ ನಮ್ಮಲ್ಲೇ ಬಂದು ಇಳ್ಕೊಳ್ಳೋನು. ಹೋಗ್ಬಿಟ್ಟನಲ್ಲ, ಮೂರು ದಿನ ಆಯ್ತು. ರಾತ್ರಿಯೆಲ್ಲ ಆಸ್ಪತ್ರೆ ಲಿಫ್ಟ್ ಸರಿ ಮಾಡಿ ಬಂದು ಬೆಳಿಗ್ಗೆ ಮಲಗಿದ. ಸಾಯಂಕಾಲ ನಾನು ಕಸಕ್ಕೆ ಅಂತ ಹೋದ್ರೆ ತಣ್ಣಗಾಗಿದ್ದ. ಎದೆ ನಿಂತಿದೆ ಅಂತ ಡಾಕ್ಟ್ರು ಬರ್ಕೊಟ್ರು. ಎದೆ ನಿಲ್ಲದೆ ಯಾರಾದ್ರೂ ಸಾಯ್ತಾರಾ, ಇದನ್ನ ಬರೆಯೋಕೆ ಅವರು ಅಷ್ಟು ಓದಬೇಕಿತ್ತಾ?" ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಒಳ್ಳೆ ಹುಡುಗ. ನನ್ನ ಬಕೀಟು ತಾನೇ ಎತ್ಕೊಂಡು ಮೇಲೆ ಬರೋನು. ಹೋದ ವಾರ ನಿಮ್ಮ ಅಂಗಡಿಗೂ ಬಂದಿದ್ದನಂತಲ್ಲ."

ತಂಗಿಗೆ ನೆನಪಾಯಿತು. ಹತ್ತು ದಿನದ ಹಿಂದೆ ಇರಬೇಕು. ಬೆರಳುಗಳ ಸಂದಿಯಲ್ಲಿ ಎಣ್ಣೆಯ ಕಪ್ಪು ಕೂತಿದ್ದ ಒಬ್ಬ ಗಂಡಸು ಕಂಕುಳಲ್ಲಿ ದಿಂಬು ಇಟ್ಟುಕೊಂಡು ಹೊಸ್ತಿಲ ಹತ್ತಿರ ನಿಂತಿದ್ದ. ಆಗ ಅವಳ ತೋಳಿನ ತುಂಬ ಹತ್ತಿ. ಮೇಲಿದ್ದ ಅಕ್ಕನಿಗೆ ಕೇಳುವಂತೆ, "ಇದನ್ನ ಏನು ಮಾಡಲಿ?" ಎಂದು ಕೂಗಿದ್ದಳು. ತಿರುಗಿ ನೋಡಿದರೆ ಆ ಮನುಷ್ಯನ ಮುಖ ಬಿಳಿಚಿಹೋಗಿತ್ತು. ಬಾಯಿ ತೆರೆದ, ಮುಚ್ಚಿದ, ಒಂದು ಮಾತೂ ಆಡದೆ ದಿಂಬಿನ ಸಮೇತ ಹೊರಟುಹೋದ. ತಲೆ ಸುತ್ತು ಬಂತೇನೋ ಎಂದು ಅವಳು ಮರೆತುಬಿಟ್ಟಿದ್ದಳು.

"ನಿನ್ನ ವಿಷಯ ವಿಚಾರಿಸ್ತಿದ್ದ," ಎಂದಳು ಅಜ್ಜಿ. "ಯಾರು, ಏನು ಅಂತ. ನಮ್ಮ ಮೇನೇಜರ್ ಹೆಂಡ್ತಿ ಕಣಪ್ಪ ಅಂದೆ. ಮೆಟ್ಟಿಲ ಮೇಲೆ ಹಾಗೇ ಕೂತ್ಬಿಟ್ಟ. ಎರಡು ದಿನ ಬಿಟ್ಟು ಮೇನೇಜರ್ ರೂಮಿಗೆ ಹೋಗಿ, 'ನಿಮಗೆ ಹೇಳದೆ ಅವರ ಹತ್ರ ಮಾತಾಡೋದು ನ್ಯಾಯ ಅಲ್ಲ' ಅಂತಿದ್ದ. ನಾನು ನಲ್ಲಿ ರಿಪೇರಿ ವಿಷಯ ಇರಬೇಕು ಅಂದ್ಕೊಂಡೆ. ಇವತ್ತೇ ಹಿಂಜಿ ಕೊಡಬೇಕಂತೆ, ಹೊಸಬರು ಬರ್ತಾರಂತೆ. ಮೇನೇಜರ್ರು ಎರಡು ಸಲ ಹೇಳಿದ್ರು. ಬರ್ತೀನಮ್ಮ."

ತಂಗಿ ಹಾಸಿಗೆಯನ್ನು ಹಿಂದಿನ ಕೋಣೆಗೆ ಎಳೆದುಕೊಂಡಳು. ಹೊಲಿಗೆ ಬಿಚ್ಚಲು ಕತ್ತರಿ ಎತ್ತಿದವಳು ತಡೆದಳು. ತಲೆಯ ಕಡೆಯ ಹೊಲಿಗೆ ಎಡಕ್ಕೆ ವಾಲಿತ್ತು, ಪ್ರತಿ ಗೇಣಿಗೊಂದು ಜೋಡಿಗಂಟು. ಅಕ್ಕ ಎಡಚಿ. ಈ ಹಾಸಿಗೆ ಅಂಗಡಿಗೆ ಹಿಂದೆಯೂ ಬಂದಿದೆ, ಅಕ್ಕ ಬಿಚ್ಚಿ ಮುಚ್ಚಿದ್ದಾಳೆ. ಆದರೆ ತನ್ನ ಕೈಗೆ ಬಂದ ನೆನಪಿಲ್ಲ. ನಾಲ್ಕು ವರ್ಷದ ಹಿಂದೆ ತಾನು ಜ್ವರದಿಂದ ಹದಿನೈದು ದಿನ ಮಲಗಿದ್ದಾಗ ಇರಬೇಕು.

ಗವಸು ಸರಿಸಿದಳು. ಹಳೆಯ ಹತ್ತಿ ಹಳದಿಗಟ್ಟಿ ಗಟ್ಟಿಯಾಗಿತ್ತು, ಹಿಂಜಿಯೇ ಇರಲಿಲ್ಲ. ನಟ್ಟನಡುವೆ, ತಲೆಯ ಭಾರ ಬೀಳುವ ಕಡೆ, ಒಂದು ಹಿಡಿಯಷ್ಟು ಜಾಗದಲ್ಲಿ ಮಾತ್ರ ಬೇರೆ ಹತ್ತಿ. ಬೆಳ್ಳಗೆ, ಹೊಸದಾಗಿ, ತೇಪೆಯ ಹಾಗೆ. ಯಾರೋ ಅಲ್ಲಿಂದ ಒಂದು ಹಿಡಿ ಕಿತ್ತು ಬೇರೆಯದು ತುಂಬಿದ್ದರು.

ತೇಪೆಯ ಪಕ್ಕದ ಗಂಟಿಗೆ ಬೆರಳು ಇಟ್ಟಳು.

ಮೆಟ್ಟಿಲ ತುದಿ. ಗಾಳಿ. ಕೆಳಗೆ ಹೊರೆ ಹೊತ್ತು ನಿಂತ ನೆರಳು. ಇವನಿಗೆ ಅವಳ ಪ್ರಶ್ನೆ ಕೇಳಿಸುವುದಿಲ್ಲ, ಅವಳು ಏನೋ ಕೇಳುತ್ತಿದ್ದಾಳೆಂದಷ್ಟೇ ಗೊತ್ತು. ಆದರೂ ಬಗ್ಗಿ, ಸಂಕೋಚದಿಂದ, ಏನೋ ತನ್ನದೇ ತಪ್ಪು ಎಂಬಂತೆ ಹೇಳುತ್ತಾನೆ: "ಹತ್ತಿ ಬಾ. ಲಿಫ್ಟ್ ಕೆಟ್ಟಿದೆ. ಅವಸರ ಇಲ್ಲ, ನಾನು ಇಲ್ಲೇ ಇರ್ತೀನಿ. ಹತ್ತಿ ಬಾ."

ತಂಗಿ ಕೈ ಎಳೆದುಕೊಂಡಳು. ಮತ್ತೆ ಇಟ್ಟಳು. ಹತ್ತಿ ಬಾ. ಇನ್ನೊಂದು ಗಂಟು. ಹತ್ತಿ ಬಾ. ಹತ್ತು ಹನ್ನೆರಡು ವರ್ಷದ ರಾತ್ರಿಗಳು ಪದರ ಪದರವಾಗಿ ಕೂತಿದ್ದವು, ಎಲ್ಲದರಲ್ಲೂ ಅದೇ ಕರೆ. ನಾಲ್ಕು ವರ್ಷದ ಹಿಂದೆ ಗಂಡನ ದಿಂಬಿನಲ್ಲಿ ಅವಳು ಹಿಡಿದ ಗಂಟು ಇಲ್ಲಿಂದ ಹರಿದದ್ದು. ಹರಿಯುವಾಗ 'ಬಾ' ಇಲ್ಲೇ ಉಳಿದುಹೋಗಿತ್ತು. ಮೆಟ್ಟಿಲು ಹತ್ತಿ ಬಾ ಎಂದು ಕರೆದವನ ಮಾತನ್ನು ಅವಳು ಹಿಂಜುವ ಹತ್ತಿ ಎಂದು ತಿಳಿದಳು. ಬೇರೆ ಯಾವ ಮನೆಯ ಹೆಣ್ಣಾಗಿದ್ದರೂ, ದರ್ಜಿಯ ಮಗಳೋ ಅಕ್ಕಸಾಲಿಯ ಮಗಳೋ ಆಗಿದ್ದರೂ, 'ಹತ್ತಿ' ಅಂದರೆ ಏನು ಎಂದು ಇನ್ನೊಂದು ಸಲ ಕೇಳುತ್ತಿದ್ದಳು. ಇವಳು ಕೇಳಲಿಲ್ಲ.

ಮೇಲಿನ ಪದರಕ್ಕೆ ಬಂದಾಗ ಅವಳಿಗೆ ಅವಳದೇ ದನಿ ಕೇಳಿಸಿತು. "ಏನು ಮಾಡಲಿ?" ಅಂಗಡಿಗೆ ಬಂದ ದಿನದಿಂದ ಅವನ ಕನಸಿನಲ್ಲಿ ಪ್ರಶ್ನೆಯೂ ಸೇರಿಕೊಂಡಿತ್ತು. ಅವನದು ಪೂರ್ತಿಯಾಗಿತ್ತು. ಅವನು ಅಂಗಡಿಯಲ್ಲಿ ಬಾಯಿಬಿಟ್ಟು ಒಂದೇ ಒಂದು ಮಾತು ಆಡಿದ್ದರೆ ಅವಳದೂ ಪೂರ್ತಿಯಾಗುತ್ತಿತ್ತು. ಪರರ ಹೆಂಡತಿ ಎಂದು ತಿಳಿದು, ಮೊದಲು ಗಂಡನಿಗೆ ಹೇಳುವುದೇ ನ್ಯಾಯ ಎಂದುಕೊಂಡು ಹೋಗಿದ್ದ.

ಕೊನೆಯ ಗಂಟು ಇನ್ನೂ ಸಡಿಲವಾಗಿತ್ತು, ಮೂರು ದಿನದ ಹಿಂದಿನದು. ಅವನು ಹತ್ತಿ ಬಾ ಎನ್ನುತ್ತಾನೆ. ಈ ಸಲ ಹೆಜ್ಜೆ ಸಪ್ಪಳ ಕೇಳುತ್ತದೆ. ಅವನಿಗೆ ಎಷ್ಟು ಸಂತೋಷವೆಂದರೆ, ಅದನ್ನು ಮುಟ್ಟಿದ ತಂಗಿಯ ಕಣ್ಣು ತಂತಾನೇ ತುಂಬಿತು. ಬಂದಳು, ಹತ್ತಿ ಬಂದಳು. ಹೆಜ್ಜೆ ಹತ್ತಿರವಾಗುತ್ತದೆ. ಹೆಜ್ಜೆಯ ಜೊತೆಗೆ ಬೀಗದಕೈ ಗೊಂಚಲಿನ ಸದ್ದು. ಆಮೇಲೆ ಮುಖದ ಮೇಲೆ ಮೆತ್ತನೆಯ ಕತ್ತಲೆ, ಉಸಿರಿಲ್ಲದ ಒದ್ದಾಟ, ಕಿವಿಯ ಹತ್ತಿರವೇ ಮಗುವನ್ನು ಸಮಾಧಾನ ಮಾಡುವಂಥ ಒಂದು ನಯವಾದ ದನಿ: "ಐದೇ ನಿಮಿಷ. ಐದೇ ನಿಮಿಷ, ಅಷ್ಟೆ."

ಆ ದನಿ ಅವಳ ಪಕ್ಕದಲ್ಲೇ ನಾಲ್ಕು ವರ್ಷ ಮಲಗಿತ್ತು.

ಅವಳು ಎಷ್ಟು ಹೊತ್ತು ಹಾಗೇ ಕೂತಿದ್ದಳೋ. ಗಂಡನ ಮೇಲೆ ಸಿಟ್ಟು ಬರುವ ಮೊದಲು ತನ್ನ ಕೈಗಳ ಮೇಲೆ ಅಸಹ್ಯ ಬಂತು. ಇಷ್ಟು ಜನರ ಕನಸು ಕೇಳಿ ಹೇಳಿದ ಕೈ ತನಗೇ ಕೈಕೊಟ್ಟಿತಲ್ಲ ಎನಿಸಿತು.

ಹೊರಗೆ ಬೀಗದಕೈ ಸದ್ದಾಯಿತು. ನಿಜವಾದ ಸದ್ದು. ಯೋಚಿಸುವಷ್ಟು ವ್ಯವಧಾನವಿರಲಿಲ್ಲ. ತಂಗಿ ಗವಸನ್ನು ಲಿಫ್ಟಿನವನ ಹಾಸಿಗೆಯ ಮೇಲೆ ಎಳೆದು, ಮೂಲೆಯಲ್ಲಿದ್ದ ಬೇರೆ ಯಾರದೋ ದಿಂಬಿನ ಹತ್ತಿಯನ್ನು ಬಿಲ್ಲಿನ ಕೆಳಗೆ ಸುರಿದು, ತಂತಿ ಮೀಟಿದಳು. ಕೋಣೆ ಝೇಂಕರಿಸಿತು. ಹತ್ತಿ ಹಾರಿತು.

ಮೇನೇಜರ್ ಬಾಗಿಲಲ್ಲಿ ಇಣುಕಿದ. "ಆ ಹಾಸಿಗೆ ಆಯ್ತಾ?"

"ಹಿಂಜ್ತಾ ಇದೀನಿ," ಎಂದಳು ತಂಗಿ, ಮೂಗಿನ ಬಟ್ಟೆಯ ಒಳಗಿಂದ.

"ಏನಾದ್ರೂ... ಕೇಳಿಸ್ತಾ?"

"ಕೇಳಿದ್ದು ಕೈಯಲ್ಲೇ ಸಾಯಬೇಕು ರೀ. ಗೊತ್ತಲ್ಲ ನಿಮಗೆ."

ಅವನು ನಕ್ಕ. ಯಾವಾಗಲೂ ಹಾಗೇ ನಗುತ್ತಿದ್ದ. ಅವಳ ಆ ನೇಮವನ್ನು ನಂಬಿಯೇ ಹಾಸಿಗೆ ಕಳಿಸಿದ್ದನೇನೋ. "ಸರಿ ಸರಿ. ಮುಖ ಯಾಕೆ ಹೀಗಿದೆ? ಧೂಳು ಜಾಸ್ತಿನಾ? ನೀರು ಕುಡಿ. ಸಾಯಂಕಾಲ ನಾನೇ ಬಂದು ತಗೊಂಡು ಹೋಗ್ತೀನಿ." ನೀರಿನ ಚೆಂಬನ್ನು ಅವಳ ಕೈಗೆ ಎಟಕುವಂತೆ ಸರಿಸಿಟ್ಟು ಹೋದ. ಆ ಚೆಂಬು ಸರಿಸಿಟ್ಟ ರೀತಿಯನ್ನು ತಂಗಿ ಆಮೇಲೆ ಎಷ್ಟೋ ದಿನ ನೆನೆದಳು. ಅದರಲ್ಲಿ ನಟನೆ ಎಷ್ಟು, ಅಕ್ಕರೆ ಎಷ್ಟು ಎಂದು ಬಿಡಿಸುವುದು ಅವಳಿಂದ ಆಗಲಿಲ್ಲ.

ಮಧ್ಯಾಹ್ನ ಕಳೆದು ಅಕ್ಕ ಬಂದಳು. ಕೈಯಲ್ಲಿ ಒಂದೇ ಒಂದು ಉಂಡೆ ನೂಲು.

"ಅಕ್ಕಾ, ಇಲ್ಲಿ ಬಾ. ಇದು ಯಾರ ಹೊಲಿಗೆ?"

ಅಕ್ಕ ಕನ್ನಡಕ ಏರಿಸಿ ಬಗ್ಗಿದಳು. "ನಂದೇ. ಈ ಬೀದೀಲಿ ಎಡಗೈಲಿ ಹೊಲಿಯೋರು ಇನ್ಯಾರಿದಾರೆ?"

"ಯಾವಾಗ ಹೊಲಿದೆ?"

"ಸಾವಿರ ಹಾಸಿಗೆ ಹೊಲಿದಿದೀನಿ. ಎಲ್ಲಾದರ ಜಾತಕ ಇಟ್ಕೊಂಡಿರ್ತೀನಾ?"

"ಇದನ್ನ ಹಿಂಜೇ ಇಲ್ಲ ನೀನು. ಬಿಚ್ಚಿ ಒಂದು ಹಿಡಿ ತೆಗೆದು, ಬೇರೆ ತುಂಬಿ ಮುಚ್ಚಿದೀಯ." ತಂಗಿ ಗವಸು ಸರಿಸಿದಳು. ಬೆಳ್ಳಗಿನ ತೇಪೆ ಕಾಣಿಸಿತು.

ಅಕ್ಕ ನೂಲುಂಡೆಯನ್ನು ಯಂತ್ರದ ಮೇಲಿಟ್ಟು ಬಂದು ನೆಲದ ಮೇಲೆ ಕೂತಳು.

"ನಿನ್ನ ಕೈಗೆ ಕೇಳಿಸಲ್ಲ ಅಂತಿದ್ದೆ," ಎಂದಳು ತಂಗಿ.

"ಪೂರ್ತಿ ಕೇಳಿಸಲ್ಲ. ಪಕ್ಕದ ಮನೆ ರೇಡಿಯೋ ಕೇಳಿಸಿದ ಹಾಗೆ. ಅಮ್ಮನಿಗೆ ಹೇಳಿದ್ರೆ ಬಿಲ್ಲು ಯಾರಿಗೆ ಅಂತ ಮಾತು ಬರ್ತಿತ್ತು. ನೀನು ಚಿಕ್ಕವಳು, ನಿನಗೇ ಇರಲಿ ಅಂತ ಬಿಟ್ಟುಕೊಟ್ಟೆ."

"ಇದನ್ನೂ ಬಿಟ್ಟುಕೊಡಬಹುದಿತ್ತಲ್ಲ."

"ಅವನು ಲಿಫ್ಟ್ ರಿಪೇರಿಯವನು ಕಣೇ. ಇವತ್ತು ಈ ಊರು, ನಾಳೆ ಇನ್ನೊಂದು. ಹತ್ತಿ ಬಾ, ಹತ್ತಿ ಬಾ ಅಂತ ಬಾಯ್ತುಂಬ ಕರೀತಿದ್ದ. ನೀನು ಹೊರಟುಬಿಡ್ತಿದ್ದೆ. ನಿನ್ನ ಕೈ ಇಲ್ಲದಿದ್ರೆ ಈ ಅಂಗಡೀಲಿ ಏನಿದೆ, ಧೂಳು. ನನಗೆ ಏನಿದೆ? ನನಗೆ ಅರ್ಧ ಕನಸೂ ಬೀಳಲ್ಲ. ಯಾರಿಗೂ ಹೇಳಿಲ್ಲ ಇದನ್ನ. ನನ್ನ ಹಾಸಿಗೆ ಬಿಚ್ಚಿ ನೋಡು, ಏನೂ ಇಲ್ಲ ಅದರಲ್ಲಿ."

"ಕೀಳುವಾಗ 'ಬಾ' ಅನ್ನೋದನ್ನ ಬೇಕಂತಲೇ ಬಿಟ್ಯಾ?"

"ಅದಕ್ಕಿಂತ ದೊಡ್ಡದು ಕಿತ್ತಿದ್ರೆ ಹಾಸಿಗೆ ತಗ್ಗು ಬೀಳ್ತಿತ್ತು." ಕೆಲಸದ ಮಾತಿನ ಹಾಗೆ ಬಾಯಿಂದ ಜಾರಿತು. ಹೇಳಿದ ಮೇಲೆ ಅಕ್ಕ ಮುಖ ತಿರುಗಿಸಿದಳು.

"ಕನಸು ನಿಲ್ತಿಲ್ಲ ಅಂತ ನಿನ್ನ ಮಡಿಲಲ್ಲಿ ಅತ್ತಿದ್ದೆ. ನಂದೇ ತಪ್ಪಿರಬೇಕು ಅಂದಿದ್ದೆ. ತಲೆ ನೇವರಿಸಿದ್ಯಲ್ಲ ಅಕ್ಕ."

ಅಕ್ಕ ನೆಲದ ಮೇಲಿದ್ದ ಹತ್ತಿಯ ಎಳೆಯೊಂದನ್ನು ಹೆಕ್ಕಿ ಬೆರಳಿಗೆ ಸುತ್ತತೊಡಗಿದಳು.

"ನಮ್ಮ ಮನೆಯವರಿಗೆ ಗೊತ್ತಿತ್ತಾ?"

"ಅವರು ಈ ಊರು ಬಿಟ್ಟು ಹೋಗೋರಲ್ಲ ಅಂತ, ಕಿತ್ತಿದ್ದನ್ನ ದಿಂಬಿಗೆ ತುಂಬಿ ಕೊಟ್ಟೆ. ಒಂದು ವಾರ ತಲೆ ಇಟ್ಟು ಮಲಗಿ, ಆಮೇಲೆ ಅಂಗಡಿಗೆ ತನ್ನಿ ಅಂದೆ. ಯಾಕೆ ಅಂತ ಅವರು ಕೇಳಲಿಲ್ಲ."

"ಗೊತ್ತಿರೋರು ಕೇಳಲ್ಲ." ತಂಗಿ ಹಾಸಿಗೆಯ ಮೇಲೆ ಅಂಗೈ ಊರಿದಳು. "ಅವನು ಎದೆ ನಿಂತು ಸತ್ತಿಲ್ಲ ಅಕ್ಕ. ಕೊಂದಿದ್ದಾರೆ. ಇದರಲ್ಲಿದೆ."

ಯಾರು ಎಂದು ಅಕ್ಕ ಕೇಳಲಿಲ್ಲ. ಅವಳ ಕಣ್ಣು ಬಿಲ್ಲಿನ ಕಡೆ ಹೋಯಿತು. ತುಂಬ ಮೆಲ್ಲಗೆ, ಜ್ವರ ಬಂದ ಮಗುವಿಗೆ ಔಷಧಿ ಕುಡಿ ಎನ್ನುವ ದನಿಯಲ್ಲಿ ಹೇಳಿದಳು: "ಹಿಂಜಿಬಿಡು."

"ಏನಂದೆ?"

"ಹಿಂಜಿಬಿಡು ಚಿನ್ನ. ಹೋದವನು ಹೋದ. ಇದನ್ನ ತಗೊಂಡು ಹೊರಗೆ ಹೋದ್ರೆ ನಿನ್ನ ಗಂಡ ಜೈಲಿಗೆ, ನಾನು ಜೈಲಿಗೆ. ಈ ಮನೇಲಿ ನೀನೊಬ್ಬಳೇ. ಅಮ್ಮ ಹೇಳಿದ್ದು ಮರೆತ್ಯಾ, ಕೈಯಲ್ಲೇ ಸಾಯಬೇಕು ಅಂತ?"

ಅಮ್ಮನ ಮಾತು. ತಂಗಿಯ ಎದೆಗೆ ನಾಟಿದ್ದು ಅದೇ. ಅವಳು ಬದುಕಿನಲ್ಲಿ ತಪ್ಪದೆ ನಡೆಸಿಕೊಂಡು ಬಂದ ನೇಮ ಅದೊಂದೇ. ಅದನ್ನು ಮುರಿದರೆ ನಾಳೆಯಿಂದ ಈ ಬೀದಿಯಲ್ಲಿ ಯಾರು ತಾನೆ ತಮ್ಮ ದಿಂಬನ್ನು ಅವಳ ಕೈಗೆ ಕೊಟ್ಟಾರು? ಮುರಿಯದೆ ಹೋದರೆ ಲಿಫ್ಟಿನವನು ಇನ್ನೊಂದು ಸಲ ಸಾಯುತ್ತಾನೆ, ಈ ಸಲ ಅವಳ ಕೈಯಲ್ಲಿ. ಇದೂ ಅಮ್ಮ ಹೇಳಿದ ಅರ್ಥವೇ? ಅವಳಿಗೆ ತಿಳಿಯಲಿಲ್ಲ. ಕೇಳಲು ಅಮ್ಮ ಇರಲಿಲ್ಲ.

ಇನ್ನೊಂದು ಸಂಕಟವಿತ್ತು. ಪೊಲೀಸರ ಹತ್ತಿರ ಸರಕಾರಿ ಕೇಳುಗರಿರುತ್ತಾರೆ. ಹಿಂಜದ ಹತ್ತಿಯನ್ನು ನ್ಯಾಯಾಲಯ ಸಾಕ್ಷಿಯೆಂದು ಒಪ್ಪುತ್ತದೆ. ಆದರೆ ಕೈಯಿಂದ ಕೈಗೆ ಹೋದಷ್ಟೂ ಗಂಟು ಸವೆಯುತ್ತದೆ. ಅವರು ಕೇಳಿ ಮುಗಿಸುವ ಹೊತ್ತಿಗೆ ಈ ಹಾಸಿಗೆ ಮೂಕವಾಗುತ್ತದೆ. ಅವಳಿಗೆಂದು ಅವನು ಕರೆದ ಕರೆಯನ್ನು ಗುರುತಿಲ್ಲದವರು ಕೇಳಿ ಮುಗಿಸುತ್ತಾರೆ. ಒಂದು ಗಂಟು, ಒಂದೇ ಒಂದು ಗಂಟು, ಸಂಭ್ರಮದ್ದು ಬೇಡ, ಯಾವುದೋ ಸಾಧಾರಣ ರಾತ್ರಿಯದು, ತನಗೆ ಇಟ್ಟುಕೊಂಡರೆ ಯಾರಿಗೆ ನಷ್ಟ? ಅವಳ ಬೆರಳು ಒಂದು ಗಂಟಿನ ಸುತ್ತ ಮಡಿಸಿಯೂ ಆಯಿತು. ಹತ್ತಿ ಬಾ, ಅವಸರ ಇಲ್ಲ.

ಆಗ ಎದುರಿಗಿದ್ದ ಬೆಳ್ಳಗಿನ ತೇಪೆ ಕಣ್ಣಿಗೆ ಬಿತ್ತು. ಅಕ್ಕ ಕಿತ್ತದ್ದೂ ಒಂದೇ ಹಿಡಿ.

ತಂಗಿ ಬೆರಳು ಬಿಡಿಸಿದಳು. ಗವಸು ಎಳೆದು, ದಬ್ಬಣಕ್ಕೆ ನೂಲು ಪೋಣಿಸಿ, ಬಲಕ್ಕೆ ವಾಲುವ ತನ್ನ ಹೊಲಿಗೆಯಲ್ಲಿ ತಲೆಯ ಕಡೆಯನ್ನು ಮುಚ್ಚತೊಡಗಿದಳು. ತೋಳಿಗೆ ಅಂಟಿದ್ದ ಹಳದಿ ಎಳೆಗಳನ್ನೂ ಒಂದೊಂದಾಗಿ ಕಿತ್ತು ಒಳಗೆ ತುರುಕಿದಳು. ಅಕ್ಕ ನೋಡುತ್ತ ಕೂತಿದ್ದಳು, ತಡೆಯಲು ಕೈ ಎತ್ತಲಿಲ್ಲ. ಹಾಸಿಗೆಯನ್ನು ತಳ್ಳುಗಾಡಿಗೆ ಎಳೆಯುವಾಗ ಮಾತ್ರ ಎದ್ದು ಬಂದು ಇನ್ನೊಂದು ತುದಿ ಹಿಡಿದಳು. ಅಭ್ಯಾಸ ಬಲವೋ ಏನೋ. ಭಾರದ ಹಾಸಿಗೆಯನ್ನು ಅವರು ಯಾವತ್ತೂ ಒಬ್ಬೊಬ್ಬರೇ ಎತ್ತಿದ್ದಿಲ್ಲ.

ಠಾಣೆಯಲ್ಲಿ ಬಾಗಿಲ ಹತ್ತಿರ ಕೂತಿದ್ದ ಪೊಲೀಸನು ಹಾಸಿಗೆ ನೋಡಿ, "ಇದೇನಮ್ಮ, ಇಲ್ಲೇ ಮಲಗೋಕೆ ಬಂದ್ರಾ?" ಎಂದ. ತಂಗಿ ನಗಲಿಲ್ಲ. "ಇದನ್ನ ಹಿಂಜಿಲ್ಲ. ಕೇಳುಗರನ್ನ ಕರೆಸಿ," ಎಂದಳು. ಅವನ ನಗೆ ನಿಂತಿತು.

ಸರಕಾರಿ ಕೇಳುಗರು ವಯಸ್ಸಾದವರು. ಬೇಡದ್ದೆಲ್ಲ ಕೇಳಿಸಬಾರದೆಂದು ಸದಾ ತೊಗಲಿನ ಕೈಗವಸು ಹಾಕಿರುತ್ತಿದ್ದರು. ಅದನ್ನು ಕಳಚಿಟ್ಟು ಎರಡು ದಿನ ಕೇಳಿದರು, ಬರೆಸಿದರು. ಕೊನೆಗೆ ಹೊರಗೆ ಬಂದು, ಬೆಂಚಿನ ಮೇಲೆ ಕೂತಿದ್ದ ತಂಗಿಯ ಮುಂದೆ ನಿಂತು ಕೇಳಿದರು: "ಪ್ರಶ್ನೆ ಕೇಳೋ ದನಿ ನಿಮ್ಮದೇ ಅಲ್ವಾ ತಾಯಿ?"

"ಹೌದು."

"ತುಂಬ ಒಳ್ಳೆ ಕನಸು," ಎಂದರು ಅವರು. ಕೈಗವಸು ಹಾಕಿಕೊಳ್ಳಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಪೊಲೀಸರು ಮನೆಗೆ ಬಂದಾಗ ಮೇನೇಜರ್, "ಐದೇ ನಿಮಿಷ, ಶರ್ಟು ಬದಲಾಯಿಸಿ ಬರ್ತೀನಿ," ಎಂದನಂತೆ. ನ್ಯಾಯಾಲಯದಲ್ಲಿ ಎಲ್ಲವನ್ನೂ ಒಪ್ಪಿಕೊಂಡ. ಅವಳನ್ನು ಕಳೆದುಕೊಳ್ಳಲು ಇಷ್ಟವಿರಲಿಲ್ಲ ಎಂದ. ಅದನ್ನು ಕೇಳಿ ತಂಗಿ ತಲೆ ತಗ್ಗಿಸಿದಳು. ಜೋಡಿ ಕಚೇರಿ ಮದುವೆಯನ್ನು ರದ್ದು ಮಾಡಿತು. ಸುಳ್ಳು ದಿಂಬಿನ ತಪ್ಪಿಗೆ ಅಕ್ಕನಿಗೆ ಆರು ತಿಂಗಳ ಜೈಲಾಯಿತು. ಮುಗಿಸಿಕೊಂಡು ಬಂದ ದಿನ ಅವಳು ಹೊರಗೇ ನಿಂತಿದ್ದಳು. ತಂಗಿ ಒಳಗೆ ಬಾ ಎನ್ನಲಿಲ್ಲ, ಬಾಗಿಲನ್ನೂ ಹಾಕಲಿಲ್ಲ. ಅಕ್ಕ ಬಂದು ಯಂತ್ರದ ಮುಂದೆ ಕೂತಳು.

ಗಿರಾಕಿಗಳು ಮೊದಲಿನ ಅರ್ಧವೂ ಇಲ್ಲ. ಇಬ್ಬರೂ ಕೆಲಸದ ಮಾತು ಬಿಟ್ಟು ಬೇರೆ ಆಡುವುದಿಲ್ಲ. ತಂಗಿಗೆ ಆ ಕನಸು ಈಗಲೂ ಬೀಳುತ್ತದೆ. ಮೆಟ್ಟಿಲ ಮೇಲೆ ಯಾರೂ ಇಲ್ಲವೆಂದು ಗೊತ್ತಿದ್ದೂ ಅವಳು ಪ್ರಶ್ನೆ ಕೇಳುತ್ತಾಳೆ.

ಉಳಿದದ್ದು ಒಂದು ವಿಷಯ. ಲಿಫ್ಟಿನವನು ಮೇನೇಜರನ ಬಳಿ ಬಾಯಿಬಿಟ್ಟ ಮೇಲೆ, ಅವನು ಸಾಯುವ ಮುಂಚೆ ಮೂರು ನಾಲ್ಕು ದಿನಗಳಿದ್ದವು. ಮೇನೇಜರ್ ಆ ದಿನಗಳಲ್ಲಿ ಅಕ್ಕನ ಹತ್ತಿರ ಹೇಳಿದ್ದನೇ? ಹೇಳಿದ್ದರೆ ಅಕ್ಕ ಏನೆಂದಳು? ಮೇನೇಜರನು ನ್ಯಾಯಾಲಯದಲ್ಲಿ ಅಕ್ಕನ ಹೆಸರನ್ನು ದಿಂಬಿನ ವಿಷಯಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಎತ್ತಲಿಲ್ಲ. ತಂಗಿ ಒಮ್ಮೆಯೂ ಕೇಳಿಲ್ಲ. ಕೇಳದೆಯೇ ತಿಳಿಯುವ ದಾರಿಯೊಂದು ಅವಳ ಕೈಯಲ್ಲೇ ಇತ್ತು: ಅಕ್ಕನ ಹಳೆಯ ಹಾಸಿಗೆ ಮೂಕವಾದರೂ, ಇನ್ನು ಮುಂದೆ ಕನಸು ಬಿದ್ದರೆ ಹತ್ತಿ ಹೇಳುತ್ತಿತ್ತು. ಆದರೆ ಜೈಲಿನಿಂದ ಬಂದ ರಾತ್ರಿಯಿಂದ ಅಕ್ಕ ಹಾಸಿಗೆಯ ಮೇಲೆ ಮಲಗುವುದಿಲ್ಲ, ದಿಂಬನ್ನೂ ಇಟ್ಟುಕೊಳ್ಳುವುದಿಲ್ಲ. ಬರಿಯ ಹಲಗೆಯ ಮೇಲೆ, ತೋಳನ್ನೇ ತಲೆಗೆ ಕೊಟ್ಟು ಮಲಗುತ್ತಾಳೆ. ತನಗೆ ತಾನೇ ವಿಧಿಸಿಕೊಂಡ ಶಿಕ್ಷೆ ಅದು ಎನ್ನುವವರಿದ್ದಾರೆ. ಮುಚ್ಚಿಡುವ ಉಪಾಯ ಎನ್ನುವವರೂ ಇದ್ದಾರೆ. ಯಾವುದು ನಿಜವೆಂದು ತಂಗಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.